ವಿದ್ಯಾಲಯದ ಹೊಸ್ತಿಲಲ್ಲಿ ಬಂದೂಕು: ಒಂದು ಐತಿಹಾಸಿಕ ಅವಲೋಕನ

ಗೋವಾದಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳಿಗೆ ಮಕ್ಕಳ ಉನ್ನತ ವಿದ್ಯಾಭ್ಯಾಸವೆಂದರೆ ಒಂದು ಕಾಲಕ್ಕೆ ಧಾರವಾಡ, ಬೆಳಗಾವಿಗಳ ದಾರಿಯಾಗಿತ್ತು. ಇಂದು ಆ ದಾರಿ ಅಮೆರಿಕದ ಟೆಕ್ಸಾಸ್, ವರ್ಜೀನಿಯಾಗಳವರೆಗೂ ಬೆಳೆದಿದೆ. ಹಾಗೆ ಮಗನನ್ನೋ ಮಗಳನ್ನೋ ಕಳುಹಿಸಿದ ತಂದೆತಾಯಿಯರು ಶುಲ್ಕ, ವಸತಿ, ಊಟಗಳ ವಿಚಾರವನ್ನು ಮುಗಿಸಿದ ಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳುವುದುಂಟು: ಅಲ್ಲಿ ಕಾಲೇಜಿನೊಳಗೂ ಪಿಸ್ತೂಲು ಇಟ್ಟುಕೊಳ್ಳಬಹುದಂತೆ, ಹೌದೇ? ಹೌದು, ಕೆಲವು ರಾಜ್ಯಗಳಲ್ಲಿ, ಕೆಲವು ಕಟ್ಟುಪಾಡುಗಳೊಡನೆ ಇಟ್ಟುಕೊಳ್ಳಬಹುದು. ಈ ಉತ್ತರ ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಆದರೆ ವಿದ್ಯಾರ್ಥಿಯ ಕೈಯಲ್ಲಿ ಆಯುಧವಿರಬೇಕೆ ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದೇನಲ್ಲ. ನಮ್ಮ ಹಿರಿಯರೂ ಅದನ್ನು ತಮ್ಮದೇ ರೀತಿಯಲ್ಲಿ ಚರ್ಚಿಸಿದ್ದಾರೆ, ಒಂದು ತೀರ್ಮಾನಕ್ಕೂ ಬಂದಿದ್ದಾರೆ. ಆ ತೀರ್ಮಾನದ ಹಿನ್ನೆಲೆಯನ್ನು ನೆನಪಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಾವು ಬದುಕುತ್ತಿರುವ ಈ ನೆಲದಿಂದಲೇ ಆರಂಭಿಸೋಣ. 1510ರಲ್ಲಿ ಅಫೊನ್ಸೊ ಡಿ ಅಲ್ಬುಕರ್ಕ್ ವಿಜಾಪುರದ ಆದಿಲಶಾಹಿಯಿಂದ ಗೋವಾವನ್ನು ಗೆದ್ದುಕೊಂಡಾಗ ಅವನನ್ನು ಬೆರಗುಗೊಳಿಸಿದ ಸಂಗತಿಗಳಲ್ಲಿ ಇಲ್ಲಿನ ಶಸ್ತ್ರಾಗಾರವೂ ಬಂದೂಕು ತಯಾರಿಸುವ ಕುಶಲಕರ್ಮಿಗಳೂ ಸೇರಿದ್ದರು. ಅಂದರೆ ಪೋರ್ಚುಗೀಸರು ಇಲ್ಲಿಗೆ ಬರುವ ವೇಳೆಗೆ ಕೋವಿಯ ವಿದ್ಯೆ ದಕ್ಖನ್ನಿನಲ್ಲಿ ಬೇರೂರಿತ್ತು. ನಮ್ಮ ಮಾತುಗಳೂ ಈ ಕಥೆಯನ್ನು ಹೇಳುತ್ತವೆ. ಕೋವಿ ಎಂದರೆ ಕೊಳವೆ, ಅದು ಅಚ್ಚ ನಮ್ಮದು. ತುಪಾಕಿ ತುರ್ಕಿ ಮೂಲದ್ದು. ಬಂದೂಕು ಅರಬ್ಬೀ ಪಾರಸಿಗಳ ದಾರಿಯಾಗಿ ಬಂದದ್ದು. ಒಂದೇ ವಸ್ತುವಿಗೆ ಮೂರು ಹೆಸರು, ಮೂರು ಕಾಲದ ಮೂರು ಸಂಪರ್ಕ.

ಗೋವಾದ ಇತಿಹಾಸದಲ್ಲಿ ವಿದ್ಯೆಗೂ ಆಯುಧಕ್ಕೂ ನಂಟು ಬೆಳೆದ ಇನ್ನೊಂದು ಸಂದರ್ಭವಿದೆ. 1817ರಲ್ಲಿ ಪೋರ್ಚುಗೀಸ್ ಸರಕಾರವು ಇಲ್ಲಿ ಒಂದು ಸೈನಿಕ ವಿದ್ಯಾಶಾಲೆಯನ್ನು ತೆರೆಯಿತು. ಮುಂದೆ ಅದು ಗಣಿತ ಹಾಗೂ ಸೈನಿಕ ಶಾಲೆ ಎಂಬ ಹೆಸರನ್ನು ಪಡೆಯಿತು. ಪಾಶ್ಚಾತ್ಯ ರೀತಿಯ ಉನ್ನತ ಗಣಿತವನ್ನು ಗೋವಾದ ತರುಣರು ಕಲಿತದ್ದು ಸೈನ್ಯದ ಅಗತ್ಯಕ್ಕಾಗಿ ಹುಟ್ಟಿದ ಈ ಶಾಲೆಯಲ್ಲಿ. ರೇಖಾಗಣಿತವು ಕೋಟೆ ಕಟ್ಟುವ, ಫಿರಂಗಿಯ ಗುರಿ ಹಿಡಿಯುವ ವಿದ್ಯೆಯ ಒಡನಾಡಿಯಾಗಿತ್ತು. 1871ರಲ್ಲಿ, ಸೈನಿಕರ ಬಂಡಾಯದ ಬೆನ್ನಿಗೆ ಇಲ್ಲಿನ ಸೈನ್ಯವನ್ನು ವಿಸರ್ಜಿಸಿದಾಗ ಶಾಲೆಯೂ ಮುಚ್ಚಿತು. ಬಂದೂಕನ್ನು ನಂಬಿ ನಿಂತ ಶಾಲೆಯ ಆಯುಸ್ಸು ಬಂದೂಕಿನ ರಾಜಕಾರಣವನ್ನೇ ಅವಲಂಬಿಸಿತ್ತು.

ಗಡಿಯಾಚೆಯ ಬ್ರಿಟಿಷ್ ಭಾರತದಲ್ಲಿ ಕಥೆ ಬೇರೆಯಾಗಿ ಸಾಗಿತ್ತು. 1857ರ ದಂಗೆಯ ಹೊತ್ತಿನಲ್ಲಿ ಪ್ರಜೆಗಳ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ಜಾರಿಗೆ ಬಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ಆಯುಧವೇ ಅವರ ಬದುಕು, ಅವರ ಮಾನ. ಬ್ರಿಟಿಷ್ ಪಡೆಗಳು ಊರಿಗೆ ಬೆಂಕಿಯಿಟ್ಟವು, ಹಲವರು ಗಲ್ಲಿಗೇರಿದರು. ಅವರ ನೆನಪು ಲಾವಣಿಯಾಗಿ ಉತ್ತರ ಕರ್ನಾಟಕದ ನಾಲಿಗೆಯ ಮೇಲೆ ಉಳಿದಿದೆ. ಇದಾದ ಕೆಲವೇ ವರ್ಷಗಳಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಅದೇ ನಿರಾಯುಧೀಕರಣದ ಕಾಯಿದೆಯಿಂದ ಕೊಡಗಿಗೆ ವಿನಾಯಿತಿಯನ್ನು ಘೋಷಿಸಿದನು. ಒಂದೇ ಕನ್ನಡ ನಾಡು. ಒಂದು ಮೂಲೆಯಲ್ಲಿ ಆಯುಧ ಬಿಡದವರಿಗೆ ಗಲ್ಲು, ಮತ್ತೊಂದು ಮೂಲೆಯಲ್ಲಿ ಆಯುಧ ಹಿಡಿಯಲು ಗೌರವದ ಅನುಮತಿ. ಆಳುವವರಿಗೆ ಬಂದೂಕು ನಿಷ್ಠೆಯ ಅಳತೆಗೋಲಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

1878ರಲ್ಲಿ ಲಾರ್ಡ್ ಲಿಟ್ಟನ್ನನ ಕಾಲದ ಶಸ್ತ್ರ ಕಾಯಿದೆ ಈ ಭೇದವನ್ನು ದೇಶಕ್ಕೆಲ್ಲ ಹರಡಿತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ಬೇಡ. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ ಕಾಯಿದೆಯೂ ಅದೇ ವರ್ಷದ್ದು. ಪೆನ್ನು ಮತ್ತು ಬಂದೂಕು ಎರಡನ್ನೂ ಒಂದೇ ವರ್ಷ ಕಸಿದುಕೊಂಡ ಸರಕಾರದ ವಿರುದ್ಧ ವಿದ್ಯಾವಂತರು ಕನಲಿದ್ದು ಸಹಜವೇ. ಕಾಂಗ್ರೆಸ್ಸಿನ ಆರಂಭದ ಅಧಿವೇಶನಗಳಿಂದಲೇ ಶಸ್ತ್ರ ಕಾಯಿದೆಯ ತಿದ್ದುಪಡಿಗೆ ಬೇಡಿಕೆ ಕೇಳಿಬಂದಿತು. ಅಹಿಂಸೆಯ ಪ್ರವರ್ತಕರಾದ ಗಾಂಧೀಜಿಯವರೇ 1930ರಲ್ಲಿ ವೈಸರಾಯ್ ಇರ್ವಿನ್ನರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ನೀಡಬೇಕೆಂಬುದೂ ಒಂದಾಗಿತ್ತು. ಆದರೆ ಅದಕ್ಕೆ ಅವರು ಒಂದು ಷರತ್ತನ್ನು ಸೇರಿಸಿದ್ದರು: ಅದು ಜನತೆಯ ನಿಯಂತ್ರಣಕ್ಕೆ ಒಳಪಟ್ಟಿರಬೇಕು. ಹಕ್ಕನ್ನು ಕೇಳಿದಾಗಲೇ ಅಂಕುಶವನ್ನೂ ಕೇಳಿದ ಈ ವಿವೇಕವನ್ನು ಓದುಗರು ಗಮನದಲ್ಲಿಡಬೇಕು.

ಕಾಲೇಜಿನ ಅಂಗಳಕ್ಕೆ ಬಂದೂಕು ಬಂದದ್ದು ಮೊದಲನೆಯ ಮಹಾಯುದ್ಧದ ಹೊತ್ತಿನಲ್ಲಿ. 1917ರಲ್ಲಿ ಭಾರತೀಯ ರಕ್ಷಣಾ ಪಡೆಯ ಅಂಗವಾಗಿ ವಿಶ್ವವಿದ್ಯಾಲಯಗಳ ದಳಗಳು ರೂಪುಗೊಂಡವು. ಪ್ರಾಧ್ಯಾಪಕರೊಬ್ಬರ ಮೇಲಿನ ಹಲ್ಲೆಯ ಪ್ರಕರಣದಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಿಂದ ಹೊರದೂಡಲ್ಪಟ್ಟಿದ್ದ ಸುಭಾಷಚಂದ್ರ ಬೋಸರು ಮತ್ತೊಂದು ಕಾಲೇಜಿಗೆ ಸೇರಿ ಇಂತಹ ದಳದಲ್ಲಿ ತರಬೇತಿ ಪಡೆದುದನ್ನು ತಮ್ಮ ಆತ್ಮಕಥೆಯಲ್ಲಿ ಉತ್ಸಾಹದಿಂದ ಬರೆದುಕೊಂಡಿದ್ದಾರೆ. 1920ರ ಕಾಯಿದೆಯ ನಂತರ ಇವು ವಿಶ್ವವಿದ್ಯಾಲಯ ತರಬೇತಿ ದಳಗಳಾದವು. ಬ್ರಿಟಿಷರಿಗೆ ಬೇಕಾದದ್ದು ಸೈನ್ಯಕ್ಕೆ ಅಧಿಕಾರಿಗಳು. ತರುಣರಿಗೆ ಬೇಕಾದದ್ದು ತಾವೂ ಯಾರಿಗೂ ಕಡಿಮೆಯಲ್ಲ ಎಂಬ ಭಾವ. ಒಂದೇ ಬಂದೂಕಿನ ಎರಡು ತುದಿಗಳಲ್ಲಿ ಎರಡು ಬೇರೆ ಕನಸುಗಳಿದ್ದವು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಶಾಲಾ ಕಾಲೇಜುಗಳಲ್ಲಿ ಸೈನಿಕ ಮಾದರಿಯ ತರಬೇತಿ ಯಾವ ಸ್ವರೂಪದಲ್ಲಿರಬೇಕೆಂಬುದೇ ಅದರ ಮುಂದಿದ್ದ ವಿಷಯ. ಅದರ ವರದಿಯನ್ನು ಆಧರಿಸಿ 1948ರಲ್ಲಿ ರಾಷ್ಟ್ರೀಯ ಕೆಡೆಟ್ ಕೋರ್, ಅಂದರೆ ನಮಗೆಲ್ಲ ಪರಿಚಿತವಾದ ಎನ್‌ಸಿಸಿ, ಸ್ಥಾಪನೆಯಾಯಿತು. ಮರುವರ್ಷವೇ ಹೆಣ್ಣುಮಕ್ಕಳ ವಿಭಾಗವೂ ಬಂದಿತು. ವಿದ್ಯಾರ್ಥಿಗೆ ಬಂದೂಕನ್ನು ಕಲಿಸಬೇಕು, ಆದರೆ ಬಂದೂಕು ವಿದ್ಯಾರ್ಥಿಯದಾಗಬಾರದು ಎಂಬ ಸೂತ್ರ ಇಲ್ಲಿ ನೆಲೆಗೊಂಡಿತು. ಕೆಡೆಟ್ಟಿನ ಕೈಗೆ ಬರುವ ರೈಫಲ್ಲು ಶಸ್ತ್ರಾಗಾರದಿಂದ ಎಣಿಸಿ ಬರುತ್ತದೆ, ಎಣಿಸಿ ಹಿಂದಿರುಗುತ್ತದೆ. ಚಾಂದ್‌ಮಾರಿಯಲ್ಲಿ ಗುಂಡು ಹಾರಿಸಿದ ಮೇಲೆ ಬರಿದಾದ ತೋಟೆಗಳನ್ನೂ ಆಯ್ದು ಲೆಕ್ಕ ಒಪ್ಪಿಸಬೇಕು. ಎನ್‌ಸಿಸಿಯಲ್ಲಿ ಇದ್ದು ಬಂದವರಿಗೆ ಗುರಿಯ ನೆನಪಿಗಿಂತ ಈ ಎಣಿಕೆಯ ನೆನಪೇ ಹೆಚ್ಚಾಗಿ ಉಳಿದಿರುವುದುಂಟು.

ಅತ್ತ ಇದು ನಡೆಯುತ್ತಿದ್ದಾಗ ಗೋವಾ ಇನ್ನೂ ಸಾಲಜಾರನ ಹಿಡಿತದಲ್ಲಿತ್ತು. ಇಲ್ಲಿಯೂ ತರುಣರ ಮುಂದೆ ಎರಡು ದಾರಿಗಳಿದ್ದವು. 1946ರ ಜೂನ್ 18ರಂದು ಮಡಗಾಂವಿನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ತೋರಿದ್ದು ನಿರಾಯುಧ ಸತ್ಯಾಗ್ರಹದ ದಾರಿ. ಆಜಾದ್ ಗೋಮಂತಕ ದಳದ ತರುಣರು ಹಿಡಿದದ್ದು ಶಸ್ತ್ರದ ದಾರಿ. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಪತ್ರಾದೇವಿಯ ಸ್ಮಾರಕದ ಮುಂದೆ ನಿಂತವರಿಗೆ ಆ ಪ್ರಶ್ನೆ ಇಂದಿಗೂ ಎದುರಾಗುತ್ತದೆ: ಬರಿಗೈ ಗೆದ್ದಿತೋ, ಬಂದೂಕು ಗೆದ್ದಿತೋ? 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಗೊಂಡದ್ದು ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ನೇತೃತ್ವದ ಸೈನ್ಯದ ಬಲದಿಂದ ಎಂಬುದು ನಿಜ. ಆದರೆ ಆ ಸೈನ್ಯ ಹೆಜ್ಜೆ ಇಡುವುದಕ್ಕೆ ನೈತಿಕ ನೆಲೆಯನ್ನು ಸಿದ್ಧಗೊಳಿಸಿದ್ದು ಬರಿಗೈಯವರು ಎಂಬುದೂ ಅಷ್ಟೇ ನಿಜ.

ವಿಮೋಚನೆಯ ಮರುವರ್ಷ, 1962ರಲ್ಲಿ, ಪಣಜಿಯ ಧೆಂಪೆ ಕಾಲೇಜು ಮತ್ತು ಮಡಗಾಂವಿನ ಚೌಗುಲೆ ಕಾಲೇಜುಗಳು ಆರಂಭವಾದವು. ಅದುವರೆಗೆ ಪದವಿಗಾಗಿ ಮುಂಬಯಿಗೋ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕಿದ್ದ ಮಕ್ಕಳಿಗೆ ಊರಿನಲ್ಲೇ ಬಾಗಿಲು ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಚೀನಾ ಯುದ್ಧ ಸಿಡಿಯಿತು. ಸೋಲಿನ ನೋವಿನಲ್ಲಿ ದೇಶವು 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿಯನ್ನು ಕಡ್ಡಾಯಗೊಳಿಸಿತು. ಹೀಗೆ ಗೋವಾದ ಕಾಲೇಜು ಶಿಕ್ಷಣವು ಕಣ್ಣು ತೆರೆದ ಕಾಲವೂ ಭಾರತದ ಕಾಲೇಜು ಅಂಗಳಕ್ಕೆ ಬಂದೂಕು ಅತ್ಯಂತ ಹತ್ತಿರ ಬಂದ ಕಾಲವೂ ಒಂದೇ ಆಯಿತು.

ನಮ್ಮ ದೇಶದ ಚರ್ಚೆ ನಿಜವಾಗಿ ಕಾವೇರಿದ್ದು ಆ ಐದು ವರ್ಷಗಳಲ್ಲಿ. ಕಡ್ಡಾಯವನ್ನು ಬೆಂಬಲಿಸಿದವರು ದೇಶ ಸಂಕಟದಲ್ಲಿರುವಾಗ ವಿದ್ಯಾವಂತನು ಪಕ್ಕಕ್ಕೆ ಸರಿದು ನಿಲ್ಲಬಾರದೆಂದರು. 1965ರ ಯುದ್ಧದಲ್ಲಿ ಕೆಡೆಟ್ಟುಗಳು ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ನೆರವಾದುದು ಅವರ ವಾದಕ್ಕೆ ಬಲ ಕೊಟ್ಟಿತು. ವಿರೋಧಿಸಿದವರ ವಾದವೂ ಹಗುರವಾದುದಲ್ಲ. ಲಕ್ಷಗಟ್ಟಲೆ ವಿದ್ಯಾರ್ಥಿಗಳಿಗೆ ತರಬೇತುದಾರರೂ ಉಪಕರಣಗಳೂ ಎಲ್ಲಿವೆ? ಮನಸ್ಸಿಲ್ಲದವನಿಂದ ಕವಾಯತು ಮಾಡಿಸಿದರೆ ಶಿಸ್ತು ಬರುವುದೇ? ಭಾಷೆಯ ಪ್ರಶ್ನೆಯೂ ಇದರೊಳಗೆ ಸೇರಿಕೊಂಡಿತು. 1968ರ ಜನವರಿಯಲ್ಲಿ ಅಣ್ಣಾದುರೈ ಸರಕಾರದ ಕಾಲದಲ್ಲಿ ತಮಿಳುನಾಡಿನ ವಿಧಾನಸಭೆಯು ಎನ್‌ಸಿಸಿಯ ಆಜ್ಞೆಗಳು ಹಿಂದಿಯಲ್ಲಿರುವುದನ್ನು ಪ್ರತಿಭಟಿಸಿ ನಿರ್ಣಯ ಅಂಗೀಕರಿಸಿತು. ಬಂದೂಕು ಹಿಡಿಯುವುದಕ್ಕಿಂತ ಯಾವ ಭಾಷೆಯ ಆಜ್ಞೆಗೆ ಬಂದೂಕು ಎತ್ತಬೇಕೆಂಬುದೇ ಅಲ್ಲಿ ದೊಡ್ಡ ಪ್ರಶ್ನೆಯಾಯಿತು. ತಾಯ್ನುಡಿಗಾಗಿ ಸಂಘ ಕಟ್ಟಿಕೊಂಡಿರುವ ನಮಗೆ ಆ ನೋವು ಅರ್ಥವಾಗದೆ ಇರಲಾರದು.

1968ರಲ್ಲಿ ಎನ್‌ಸಿಸಿ ಮತ್ತೆ ಐಚ್ಛಿಕವಾಯಿತು. ಸೇವೆಗೆ ಬೇರೆ ದಾರಿಗಳೂ ಇರಬೇಕೆಂಬ ಆಲೋಚನೆ ಕೊಠಾರಿ ಆಯೋಗದ ಕಾಲದಿಂದಲೇ ಬೆಳೆದಿತ್ತು. ಗಾಂಧೀ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಅದನ್ನು ಉದ್ಘಾಟಿಸಿದ ಕೇಂದ್ರ ಶಿಕ್ಷಣ ಸಚಿವರು ಡಾ. ವಿ. ಕೆ. ಆರ್. ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಈ ಅರ್ಥಶಾಸ್ತ್ರಜ್ಞರೇ ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ವಿದ್ಯಾರ್ಥಿಯ ಮುಂದೆ ಆಗ ಎರಡು ಆಯ್ಕೆಗಳು ನಿಂತವು: ಒಂದು ಕೈಗೆ ರೈಫಲ್ಲು, ಇನ್ನೊಂದು ಕೈಗೆ ಸಲಿಕೆ. ಯಾವುದನ್ನು ಹಿಡಿದರೂ ದೇಶಸೇವೆಯೇ ಎಂದು ಭಾರತ ಒಪ್ಪಿಕೊಂಡಿತು. ನಮ್ಮ ವಾದ ಮುಗಿದದ್ದು ಒಬ್ಬರು ಗೆದ್ದು ಇನ್ನೊಬ್ಬರು ಸೋತು ಅಲ್ಲ, ಹೀಗೆ ಹಂಚಿಕೊಂಡು.

ಖಾಸಗಿ ಬಂದೂಕಿನ ವಿಚಾರದಲ್ಲಿ ಮಾತ್ರ ಇಂತಹ ಹಂಚಿಕೆ ನಡೆಯಲಿಲ್ಲ. 1959ರ ಶಸ್ತ್ರ ಕಾಯಿದೆ 1962ರಲ್ಲಿ ಜಾರಿಗೆ ಬಂದಿತು. ಆ ವರ್ಷದ ನಿಯಮಗಳ ಅಡಿಯಲ್ಲಿ ಕೊಡುತ್ತ ಬಂದ ಪರವಾನಗಿ ಪತ್ರದ ಷರತ್ತುಗಳಲ್ಲಿ ಒಂದು ಸಾಲು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಜಿಲ್ಲಾಧಿಕಾರಿಯ ವಿಶೇಷ ಅನುಮತಿಯಿಲ್ಲದೆ ಪರವಾನಗಿದಾರನು ತನ್ನ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಹಾಗೆಯೇ ಯಾವುದೇ ಶಿಕ್ಷಣ ಸಂಸ್ಥೆಯ ಆವರಣದೊಳಕ್ಕೆ ಒಯ್ಯಕೂಡದು. ಅಮೆರಿಕದಲ್ಲಿ ಶಾಸನಸಭೆಗಳನ್ನೂ ನ್ಯಾಯಾಲಯಗಳನ್ನೂ ದಶಕಗಳ ಕಾಲ ಕಾಡಿದ ಪ್ರಶ್ನೆ ನಮ್ಮಲ್ಲಿ ಪರವಾನಗಿಯ ಒಂದು ಷರತ್ತಿನಲ್ಲಿ ಸದ್ದಿಲ್ಲದೆ ಇತ್ಯರ್ಥವಾಗಿದೆ. ಜಾತ್ರೆ, ಮೆರವಣಿಗೆ, ಶಾಲೆ ಇವು ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟವರ ಮನಸ್ಸು ನಮಗೆ ತಿಳಿಯುತ್ತದೆ. ಜನ ಒಬ್ಬರನ್ನೊಬ್ಬರು ನಂಬಿ ಸೇರುವ ತಾಣಗಳು ಅವು.

ಇನ್ನು ಅಮೆರಿಕದತ್ತ ನೋಡೋಣ. ಅಲ್ಲಿ ಹಿಂದಿನಿಂದಲೂ ಕಾಲೇಜಿನಲ್ಲಿ ಬಂದೂಕು ಸಲೀಸಾಗಿತ್ತು ಎಂಬ ಭಾವನೆ ಸರಿಯಲ್ಲ. 1824ರ ಅಕ್ಟೋಬರ್ 4ರಂದು ವರ್ಜೀನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯು ವಿದ್ಯಾರ್ಥಿಗಳು ಆವರಣದಲ್ಲಿ ಆಯುಧವನ್ನಾಗಲಿ ಮದ್ದನ್ನಾಗಲಿ ಇರಿಸಿಕೊಳ್ಳಬಾರದೆಂದು ನಿಯಮ ಮಾಡಿತು. ಆ ಸಭೆಯಲ್ಲಿದ್ದವರು ಥಾಮಸ್ ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್. ಶಸ್ತ್ರ ಧರಿಸುವ ಹಕ್ಕನ್ನು ಕಾಪಾಡುವ ಸಂವಿಧಾನದ ಎರಡನೆಯ ತಿದ್ದುಪಡಿಯ ಕರಡನ್ನು ರೂಪಿಸಿದವರು ಇದೇ ಮ್ಯಾಡಿಸನ್! ಹಕ್ಕು ಬೇರೆ, ವಿದ್ಯಾಲಯದ ಆವರಣ ಬೇರೆ ಎಂದು ಅವರು ಎಣಿಸಿದ್ದರು. ನಿಯಮವಿದ್ದರೂ 1840ರಲ್ಲಿ ಅದೇ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಜಾನ್ ಡೇವಿಸ್ ಗಲಭೆಯನ್ನು ತಡೆಯಲು ಹೋಗಿ ಮುಸುಕು ಧರಿಸಿದ್ದ ವಿದ್ಯಾರ್ಥಿಯೊಬ್ಬನ ಗುಂಡಿಗೆ ಬಲಿಯಾದರು. ಆ ಆಘಾತದ ನಂತರ, 1842ರಲ್ಲಿ, ವಿದ್ಯಾರ್ಥಿಯ ಪ್ರಾಮಾಣಿಕತೆಯ ಮಾತನ್ನೇ ನಂಬಿ ನಡೆಯುವ ಗೌರವ ಪ್ರತಿಜ್ಞೆಯ ಪದ್ಧತಿ ಅಲ್ಲಿ ರೂಪುಗೊಂಡಿತು.

ಆಧುನಿಕ ಚರ್ಚೆಯ ಕೇಂದ್ರ ಟೆಕ್ಸಾಸ್. 1966ರ ಆಗಸ್ಟ್ 1ರಂದು ಆಸ್ಟಿನ್ನಿನ ವಿಶ್ವವಿದ್ಯಾಲಯದ ಗೋಪುರವನ್ನೇರಿದ ಒಬ್ಬ ಕೆಳಗಿದ್ದವರ ಮೇಲೆ ಗುಂಡಿನ ಮಳೆಗರೆದು ಹತ್ತಕ್ಕೂ ಹೆಚ್ಚು ಜನರನ್ನು ಕೊಂದನು. ಅಂದು ಕೆಲವು ನಾಗರಿಕರು ತಮ್ಮ ರೈಫಲ್ಲುಗಳಿಂದ ಗೋಪುರದತ್ತ ಗುಂಡು ಹಾರಿಸಿದ್ದರು. ಬಂದೂಕಿನ ಪರ ವಾದಿಸುವವರು ಈ ಪ್ರತಿದಾಳಿಯನ್ನು ನೆನೆಯುತ್ತಾರೆ; ವಿರೋಧಿಸುವವರು ಆ ಸಾವುಗಳನ್ನು ನೆನೆಯುತ್ತಾರೆ. ಸರಿಯಾಗಿ ಐವತ್ತು ವರ್ಷಗಳ ನಂತರ, 2016ರ ಆಗಸ್ಟ್ 1ರಂದು, ಪರವಾನಗಿ ಹೊಂದಿದವರು ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪಿಸ್ತೂಲನ್ನು ಮರೆಯಾಗಿ ಇಟ್ಟುಕೊಳ್ಳಬಹುದೆಂಬ ಕಾನೂನು ಅಲ್ಲಿ ಜಾರಿಗೆ ಬಂದಿತು. ಈ ಎರಡು ದಿನಗಳ ನಡುವೆ 2007ರ ಏಪ್ರಿಲ್ 16ರ ವರ್ಜೀನಿಯಾ ಟೆಕ್ ದುರಂತವಿದೆ. ಅಂದು ಹತರಾದ 32 ಜನರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಜಲವಿಜ್ಞಾನಿ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್ ಒಬ್ಬರು. ನಾತ್ಸಿಗಳ ನರಮೇಧದಿಂದ ಪಾರಾಗಿದ್ದ ಮುದಿ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು ಅವರು ತರಗತಿಯ ಬಾಗಿಲಿಗೆ ಮೈಯೊಡ್ಡಿ ವಿದ್ಯಾರ್ಥಿಗಳು ಕಿಟಕಿಯಿಂದ ಪಾರಾಗಲು ಅವಕಾಶ ಮಾಡಿಕೊಟ್ಟು ತಾವು ಮಡಿದರು.

ಎರಡೂ ಪಕ್ಷಗಳ ಮಾತನ್ನು ನ್ಯಾಯವಾಗಿ ಕೇಳಬೇಕು. ಕೊಲ್ಲಲು ಹೊರಟವನು ನಿಷೇಧದ ಫಲಕವನ್ನು ಓದಿ ಹಿಂದಿರುಗುವುದಿಲ್ಲ; ಪೊಲೀಸರು ಬರುವವರೆಗಿನ ನಿಮಿಷಗಳಲ್ಲಿ ನಿರಾಯುಧನಿಗೆ ರಕ್ಷಣೆ ಯಾರು ಎಂಬುದು ಒಂದು ಪಕ್ಷ. ಸಿಟ್ಟು, ಸೋಲು, ಮದ್ಯ, ಮನೋವ್ಯಥೆಗಳು ತುಂಬಿದ ವಯಸ್ಸಿನವರ ನಡುವೆ ಬಂದೂಕು ಕೈಗೆಟಕುವಂತಿದ್ದರೆ ರಕ್ಷಣೆಗಿಂತ ಅನಾಹುತವೇ ಹೆಚ್ಚು ಎಂಬುದು ಇನ್ನೊಂದು ಪಕ್ಷ. ಆಸ್ಟಿನ್ನಿನ ಮೂವರು ಪ್ರಾಧ್ಯಾಪಕಿಯರು ಮತ್ತೊಂದು ವಾದವನ್ನು ನ್ಯಾಯಾಲಯಕ್ಕೆ ಒಯ್ದರು: ಎದುರಿಗೆ ಕುಳಿತವರಲ್ಲಿ ಯಾರ ಬಳಿ ಪಿಸ್ತೂಲಿದೆಯೋ ತಿಳಿಯದ ತರಗತಿಯಲ್ಲಿ ಮುಕ್ತವಾದ ಚರ್ಚೆ ಸಾಧ್ಯವಿಲ್ಲ. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿಹಾಕಿತು. ಆದರೂ ಆ ಪ್ರಶ್ನೆ ಉಳಿದಿದೆ. ಶಿಕ್ಷಕ ವೃತ್ತಿಯಲ್ಲಿರುವ ಯಾರನ್ನೂ ಅದು ತಟ್ಟದೆ ಬಿಡದು.

ಹಾಗೆಂದು ನಾವು ಬೀಗುವ ಹಾಗಿಲ್ಲ. ನಮ್ಮ ವಿದ್ಯಾರ್ಥಿ ಚುನಾವಣೆಗಳಲ್ಲಿ ಹಣಬಲ ತೋಳ್ಬಲಗಳು ಮಿತಿಮೀರಿದುದರಿಂದಲೇ 2006ರಲ್ಲಿ ಲಿಂಗ್ಡೊ ಸಮಿತಿ ನಿಯಮಗಳನ್ನು ರೂಪಿಸಬೇಕಾಯಿತು. ಉತ್ತರದ ಕೆಲವು ವಿದ್ಯಾಕೇಂದ್ರಗಳಲ್ಲಿ ನಾಡಪಿಸ್ತೂಲಿನ ಸದ್ದು ಅಪರೂಪವೇನೂ ಆಗಿರಲಿಲ್ಲ. ಕಾಗದದ ಮೇಲಿನ ಷರತ್ತು ತಾನಾಗಿ ಯಾರನ್ನೂ ಕಾಪಾಡದು. ಹಾಗೆಯೇ ಬಂದೂಕು ಇದ್ದಲ್ಲೆಲ್ಲ ಹಿಂಸೆಯೇ ಇರುತ್ತದೆಂದೂ ಹೇಳಲಾಗದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಹುಟ್ಟಿಗೂ ಸಾವಿಗೂ ಕೋವಿಯ ಸದ್ದೇ ಸಾಕ್ಷಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಯನ್ನು ಕಾಯುವುದು ಮನೆತನ, ಹಿರಿಯರು, ಸಂಪ್ರದಾಯ. ಆ ಕಾವಲನ್ನು ಬಿಟ್ಟು ಕೋವಿಯನ್ನಷ್ಟೇ ಬೇರೆಡೆಗೆ ಒಯ್ದರೆ ಅದು ಬೇರೆಯೇ ವಸ್ತುವಾಗುತ್ತದೆ.

ಇಷ್ಟನ್ನೆಲ್ಲ ಒಟ್ಟಾಗಿ ನೋಡಿದಾಗ ಒಂದು ಎಳೆ ಸ್ಪಷ್ಟವಾಗುತ್ತದೆ. ಹಲಗಲಿಯಿಂದ ಟೆಕ್ಸಾಸಿನವರೆಗೆ ಜನ ವಾದಿಸಿದ್ದು ಬಂದೂಕಿನ ಬಗೆಗೆ ಎಂದು ತೋರಿದರೂ ಆಳದಲ್ಲಿದ್ದ ಪ್ರಶ್ನೆ ನಂಬಿಕೆಯದು. ಪ್ರಜೆಯನ್ನು ಸರಕಾರ ನಂಬುವುದೇ? ನೆರೆಯವನನ್ನು ನೆರೆಯವನು ನಂಬುವನೇ? ವಿದ್ಯಾಲಯದಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಶಿಷ್ಯನು ಗುರುವಿನ ಮಾತನ್ನು ಪ್ರಶ್ನಿಸಬೇಕು, ಗುರು ಶಿಷ್ಯನ ತಪ್ಪನ್ನು ನಿರ್ಭಯವಾಗಿ ತಿದ್ದಬೇಕು, ಅಂಕ ಕಡಿಮೆ ಬಂದವನು ನೇರವಾಗಿ ಬಂದು ಜಗಳವಾಡುವಂತಿರಬೇಕು. ಇದಕ್ಕೆಲ್ಲ ಇಬ್ಬರ ಕೈಯೂ ಬರಿದಾಗಿರಬೇಕು. ಕಾವಲಿನ ಹೊಣೆ ಬೇರೆಯವರದಾಗಿರಬೇಕು, ಅವರು ಆ ಹೊಣೆಯನ್ನು ಸರಿಯಾಗಿ ನಿರ್ವಹಿಸಲೂ ಬೇಕು. ನಮ್ಮ ಹಿರಿಯರ ತೀರ್ಮಾನದ ಸಾರ ಇಷ್ಟೇ ಎಂದು ನಾನು ತಿಳಿಯುತ್ತೇನೆ.

ಎನ್‌ಸಿಸಿಯ ಆಡಳಿತದಲ್ಲಿ ಕರ್ನಾಟಕ ಮತ್ತು ಗೋವಾಗಳು ಇಂದಿಗೂ ಒಂದೇ ನಿರ್ದೇಶನಾಲಯಕ್ಕೆ ಸೇರಿವೆ. ಗೋವಾದ ಕೊಂಕಣಿ ಮನೆಯ ಹುಡುಗಿಯೂ ವಾಸ್ಕೋದ ಕನ್ನಡ ಮನೆಯ ಹುಡುಗನೂ ಬೆಳಗಾವಿಯ ಮರಾಠಿ ಮನೆಯವನೂ ಒಂದೇ ಶಿಬಿರದಲ್ಲಿ ಒಂದೇ ಸಾಲಿನಲ್ಲಿ ಮಲಗಿ ಗುರಿ ಹಿಡಿಯುವ ಅವಕಾಶ ಅಲ್ಲಿದೆ. ಗುಂಡು ಹಾರಿಸಿದ ಮೇಲೆ ಅವರು ರೈಫಲ್ಲನ್ನು ಹಿಂದಕ್ಕೆ ಒಪ್ಪಿಸುತ್ತಾರೆ, ತೋಟೆಗಳನ್ನು ಎಣಿಸಿ ಕೊಡುತ್ತಾರೆ, ಕೈ ತೊಳೆದು ಊಟದ ಸಾಲಿಗೆ ನಿಲ್ಲುತ್ತಾರೆ. ಮರುದಿನ ತರಗತಿಗೆ ಬರುವಾಗ ಅವರ ಕೈಯಲ್ಲಿರುವುದು ಪುಸ್ತಕ. ಗುರಿ ಹಿಡಿಯುವುದನ್ನು ಕಲಿಸಿದ ನಾಡು ಆಯುಧವನ್ನು ಹಿಂದಿರುಗಿಸುವುದನ್ನೂ ಕಲಿಸಿದೆ. ದೂರದ ವಿದ್ಯಾಲಯಗಳಿಗೆ ಹೊರಟ ನಮ್ಮ ಮಕ್ಕಳು ಈ ಎರಡನೆಯ ಪಾಠವನ್ನು ಮರೆಯದಿರಲಿ.